ಕರೆವ್ವ ಹೇಳದ ಹೆಸರು

ಕತೆಯ ನಡುವೆ ಬಾಯಿ ಹಾಕಬೇಕೆಂದು ಶಾಲುಬಾಯಿ ಅಂದುಕೊಂಡಿರಲಿಲ್ಲ. ಅವಳು ಹಿಟ್ಟು ನಾದುತ್ತಿದ್ದಳು. ಐವತ್ತೆಂಟು ಮಕ್ಕಳಿಗೆ ತಲಾ ಎರಡು ಜೋಳದ ರೊಟ್ಟಿ ಆಗಬೇಕಿತ್ತು, ಇನ್ನೂ ಅರ್ಧವೂ ಮುಗಿದಿರಲಿಲ್ಲ. ಆದರೆ ಅಡುಗೆಮನೆಗೂ ಮಕ್ಕಳು ಕೂತಿದ್ದ ಪಡಸಾಲೆಗೂ ನಡುವೆ ಬಾಗಿಲಿಲ್ಲದ ಒಂದು ಕಿಟಕಿ. ಅಲ್ಲಿಂದ, ಕೋಟೆಯ ಪತ್ತೇದಾರ ಗೂಬೆಯ ಕತೆ ಹೇಳುತ್ತಿದ್ದ ಯುನುಸನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಮೇ ತಿಂಗಳು. ಮಧ್ಯಾಹ್ನ ಎರಡ ಗಂಟೆ. ಉರಿ ಬಿಸಲು. ಕೋಟಿ ಕೆಳಗಿನ ತೊಟ್ಟಿ ನೀರು ಮತ್ತ ಖಾಲಿ! ಪತ್ತೇದಾರ ಗೂಗಿ ನೋಡ್ತದ, ಕಲ್ಲಿನ ಮ್ಯಾಲ ಹಸಿ ಹೆಜ್ಜಿ! ಆ ಹೆಜ್ಜಿ ಹಿಡಕೊಂಡು ಗೂಗಿ ಕೋಟಿ ಸುತ್ತ ಹೊಂಟದ...”

“ಎಲ್ಲಿಗಿ ಹೊಂಟದ್ರಿ?” ಶಾಲುಬಾಯಿಯ ಬಾಯಿಂದ ಮಾತು ಜಾರಿಯೇಬಿಟ್ಟಿತು. “ಗೂಗಿ ಕೋಟಿ ಸುತ್ತೂತನಾ ಆ ಹೆಜ್ಜಿ ಆರಿ ಹೋಗಿರ್ತಾವ. ಮತ್ತ, ಹಗಲಿ ಮಲಗೋ ಗೂಗಿ ಮಧ್ಯಾಹ್ನದ ಕಳವು ಹ್ಯಾಂಗ ಹಿಡೀತದ?”

ಮಕ್ಕಳು ಹೋ ಎಂದು ನಕ್ಕರು. ಯುನುಸ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಎದ್ದು ಅಂಗಳಕ್ಕೆ ಬಂದ. ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಒದ್ದೆ ಕಾಲು ಇಟ್ಟು, ತೆಗೆದು, ಮೊಬೈಲಿನ ಗಡಿಯಾರ ಚಾಲೂ ಮಾಡಿದ. ಮಕ್ಕಳೆಲ್ಲ ಸುತ್ತ ನಿಂತು ಹೆಜ್ಜೆಯ ಗುರುತು ಅಂಚಿನಿಂದ ಒಳಕ್ಕೆ ಸಣ್ಣದಾಗುವುದನ್ನು ನೋಡಿದರು. ಮೂರು ನಿಮಿಷ ಹತ್ತು ಸೆಕೆಂಡಿಗೆ ಅದು ಮಾಯವಾಯಿತು. ಆಗಿನ್ನೂ ಜನವರಿ.

“ಮೇ ತಿಂಗಳಿಗಿ ಎರಡು ನಿಮಿಷನೂ ಇರಲ್ಲ,” ಎಂದು ಅವನೇ ಒಪ್ಪಿಕೊಂಡ. “ಹಂಗಾರ ಏನ ಮಾಡೋಣ, ಮೌಶಿ?”

“ಕೆಸರಿನಾಗ ಹೆಜ್ಜಿ ಇಡಸ್ರಿ. ಕೆಸರು ಒಣಗಿದ್ರ ಅಚ್ಚ ಒತ್ತಿದಂಗ ಉಳೀತದ.”

“ಗೂಗಿ ಬದಲಿ?”

“ಎಮ್ಮಿ.”

ಈ ಸಲ ಯುನುಸನೂ ನಕ್ಕ.

“ನಗಬ್ಯಾಡ್ರಿ ಸಾಬ್ರ. ಎಮ್ಮಿ ಒಂದೇ ಜಾಗಾದಾಗ ನಿಂತು ಎಲ್ಲಾ ನೋಡ್ತದ. ನಾಯಿ ಕಂಡ್ರ ಕಳ್ಳ ಹುಷಾರ ಆಗ್ತಾನ. ಎಮ್ಮಿ ಮುಂದ ಯಾರು ಹುಷಾರ ಆಗ್ತಾರ? ಎಲ್ಲಾ ಅದರ ಕಣ್ಣ ಮುಂದೇ ಮಾಡ್ತಾರ.”

ಯುನುಸ ಕಿಸೆಯಿಂದ ಪುಸ್ತಕ ತೆಗೆದು ಈ ಮಾತನ್ನು ಹಾಗೆಯೇ ಬರೆದುಕೊಂಡ. ಬೀದರಿನ ಮೈಲೂರಿನಲ್ಲಿ ತಾಯಿಯ ಮನೆಯ ಎರಡು ಕೋಣೆಗಳಲ್ಲಿ ಅವನು ಮಕ್ಕಳ ಕಾರ್ಟೂನು ಮಾಡುತ್ತಿದ್ದ. ಹೈದರಾಬಾದಿನಲ್ಲಿ ಆ ವಿದ್ಯೆ ಕಲಿತು ಬಂದವನು. ಕೋಟೆಯ ಕಂದಕದಲ್ಲಿ ವಾಸಿಸುವ ಪ್ರಾಣಿಗಳು ಕಳುವು, ಕಾಣೆ, ಗುಟ್ಟುಗಳನ್ನು ಪತ್ತೆ ಹಚ್ಚುವ ಹದಿಮೂರು ಕಂತಿನ ಧಾರಾವಾಹಿ ಅದು. ಬೆಂಗಳೂರಿನ ಮಕ್ಕಳ ವಾಹಿನಿಯೊಂದು ಮೊದಲ ಕಂತು ನೋಡಿ ಹೇಳುತ್ತೇವೆ ಎಂದಿತ್ತು. ಯುನುಸನದು ಒಂದು ಕಟ್ಟುನಿಟ್ಟಿನ ಪದ್ಧತಿ. ಪ್ರತಿ ಶನಿವಾರ ಔರಾದಿಗೆ ಬಂದು ಈ ಮಕ್ಕಳಿಗೆ ಕತೆ ಹೇಳುತ್ತಿದ್ದ. ಒಂದೊಂದು ಸುಳಿವಿಗೂ ನಿಲ್ಲಿಸಿ, ಯಾರ ಮೇಲೆ ಅನುಮಾನ ಎಂದು ಕೈ ಎತ್ತಿಸಿ ಎಣಿಸುತ್ತಿದ್ದ. ಮೂರನೆಯ ಸುಳಿವಿಗೆ ಮೊದಲೇ ಅರ್ಧದಷ್ಟು ಮಕ್ಕಳು ಕಂಡುಹಿಡಿದರೆ ಕತೆ ಸಪ್ಪೆ. ಕೊನೆಯ ಸುಳಿವಿನ ಮೇಲೂ ಅರ್ಧದಷ್ಟು ಮಕ್ಕಳಿಗೆ ತಿಳಿಯದಿದ್ದರೆ ಕತೆ ಮೋಸ. ಎರಡರಲ್ಲಿ ಯಾವುದಾದರೂ ತಿದ್ದಬೇಕು.

ಅವನಿಗೆ ಇಷ್ಟು ಮಕ್ಕಳು ಒಂದೇ ಕಡೆ ಸಿಕ್ಕಿದ್ದಕ್ಕೆ ಬರಗಾಲವೇ ಕಾರಣ. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ತಂದೆ ತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೋ ಗುಳೆ ಹೋದಾಗ ಮಕ್ಕಳ ಓದು ನಿಲ್ಲದಿರಲೆಂದು ದಸರೆಯಿಂದ ಯುಗಾದಿಯವರೆಗೆ ನಡೆಸುವ ಹಂಗಾಮಿ ವಸತಿ ಶಾಲೆ ಅದು. ಹಿಂದಿನ ವರ್ಷ ಅಲ್ಲಿ ಮೂವತ್ತೊಂದು ಮಕ್ಕಳಿದ್ದರು. ಈ ವರ್ಷ ಐವತ್ತೆಂಟು.

ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅಡುಗೆಯ ಶಾಲುಬಾಯಿಯೂ ಒಂದು ರೀತಿಯಲ್ಲಿ ಗುಳೆ ಬಂದವಳೇ. ಹುಟ್ಟಿದ್ದು ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ. ಅಪ್ಪ ಊರವರ ಎಮ್ಮೆ ಕಾಯುತ್ತಿದ್ದ. ಶಾಲೆ ಬಿಟ್ಟ ಕೂಡಲೇ ಅವಳೂ ಕೋಲು ಹಿಡಿದು ಹೋಗುವಳು. ಏಳನೆಯ ಇಯತ್ತೆ ಮುಗಿಯುವ ಹೊತ್ತಿಗೆ ಹದಿನಾಲ್ಕು ಎಮ್ಮೆಗಳ ನಡತೆ ಅವಳಿಗೆ ಬೇರೆ ಬೇರೆಯಾಗಿ ಗೊತ್ತಿತ್ತು. ಯಾವುದು ಕರೆದ ತಕ್ಷಣ ತಿರುಗುತ್ತದೆ, ಯಾವುದು ಕೇಳಿಸಿದರೂ ಕೇಳದ ಹಾಗೆ ನಿಲ್ಲುತ್ತದೆ, ಯಾವುದು ಮೆಲುಕು ಮುಗಿಸಿಯೇ ತಲೆ ಎತ್ತುತ್ತದೆ. ಮದುವೆಯಾಗಿ ಭಾತಂಬ್ರಾಕ್ಕೆ ಬಂದಳು. ಗಂಡ ಕಾಶೀರಾಮ ಗೌಂಡಿ. ಗೋಡೆ ಏರಿಸಿದರೆ ತೂಗುಗುಂಡು ಬಿಟ್ಟು ನೋಡುವ ಅಗತ್ಯವಿಲ್ಲ ಎಂಬ ಹೆಸರಿತ್ತು ಅವನಿಗೆ. ಆದರೆ ಸಿಮೆಂಟಿಗೆ ನೀರು ಬೇಕು. ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುವಾಗ ಗೋಡೆಗೆ ಯಾರು ನೀರು ಹೊಡೆಯುತ್ತಾರೆ? ಭಾಲ್ಕಿ, ಬೀದರ ಎಲ್ಲ ಕಡೆ ಕಟ್ಟಡದ ಕೆಲಸ ನಿಂತಿತು. ಕಾಶೀರಾಮ ಹೈದರಾಬಾದಿನಲ್ಲಿ ಹನ್ನೊಂದು ಮಾಳಿಗೆಯ ಕಟ್ಟಡಕ್ಕೆ ಹೋದ. ಮಗಳು ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಶಾಲುಬಾಯಿ ಔರಾದಿನಲ್ಲಿ ಒಲೆಯ ಮುಂದೆ. ಮೂರು ಜನ, ಮೂರು ಊರು.

ಯುಗಾದಿಗೆ ಈ ಶಾಲೆ ಮುಚ್ಚಿದರೆ ಅವಳಿಗೂ ಹೈದರಾಬಾದೇ ಗತಿ. ಹಿಂದೆ ಎರಡು ಹಂಗಾಮು ಅಲ್ಲಿ ಇಟ್ಟಂಗಿ ಹೊತ್ತಿದ್ದಳು. ಕೆಲಸದ ಭಾರ ಅವಳನ್ನು ಹೆದರಿಸಿರಲಿಲ್ಲ. ಆದರೆ ಅರ್ಧ ಕಟ್ಟಿದ ಮನೆಯಲ್ಲಿ ಬಾಗಿಲಿಗೆ ತಗಡು ನಿಲ್ಲಿಸಿ ಮಲಗುವುದು, ಆ ಮನೆ ಮುಗಿದು ಒಳ್ಳೆಯ ಬಾಗಿಲು ಬರುವ ದಿನ ಮತ್ತೊಂದು ಅರ್ಧ ಮನೆಗೆ ಗಂಟುಮೂಟೆ ಹೊರುವುದು, ಅದು ಸಾಕಾಗಿತ್ತು.

ಗೂಬೆ ಹೋಗಿ ಎಮ್ಮೆ ಬಂತು. ಹೆಸರು ಕರೆವ್ವ. ಅದರ ಕೈಕೆಳಗೆ ಒಂದು ಚಿಗರಿ, ಒಂದು ಮುಂಗಸಿ. ಫೆಬ್ರವರಿಯ ಮೊದಲ ಶನಿವಾರ ಯುನುಸ ಮುಂಗಸಿಗೆ ಹೆಸರಿಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟ. ಏಳು ಹೆಸರು ಬಂದವು. ಕೈ ಎತ್ತಿಸಿ ಎಣಿಸಿದಾಗ ‘ಕಾಶಿ’ಗೆ ಮೂವತ್ತೆರಡು.

“ಮೌಶಿ, ಹೆಸರು ಹ್ಯಾಂಗದ?” ಎಂದು ಕಿಟಕಿಯ ಕಡೆ ತಿರುಗಿ ಕೇಳಿದ.

ಶಾಲುಬಾಯಿ ಬೇಳೆ ತಿರುವುತ್ತಿದ್ದಳು. ಸೌಟು ಒಂದು ಕ್ಷಣ ನಿಂತಿತು. “ಛಲೋ ಅದ್ರಿ,” ಎಂದಳು.

ಬೇರೆ ಏನು ಹೇಳಬೇಕಿತ್ತು? ಅವರ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು ಹಿರಿಯರು. ಶಾಲುಬಾಯಿಯ ಮದುವೆ ಬುದ್ಧ ವಿಹಾರದಲ್ಲಿ ಆಗಿತ್ತು. ಪಂಚಾಂಗ ನೋಡಿರಲಿಲ್ಲ, ಗಳಿಗೆ ಕೇಳಿರಲಿಲ್ಲ. ಅದನ್ನೆಲ್ಲ ಬಿಟ್ಟ ಮನೆತನದಲ್ಲಿ ಇದೊಂದು ರೂಢಿ ಹೇಗೋ ಉಳಿದುಕೊಂಡಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರನ್ನು ಅವಳು ಎರಡೇ ಸಲ ಬಾಯಿಬಿಟ್ಟು ಹೇಳಿದ್ದಳು. ಮದುವೆಯ ದಿನ ಒಮ್ಮೆ, ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಇನ್ನೊಮ್ಮೆ. ಎರಡೂ ಸಲ ನಾಲ್ಕು ಹೆಂಗಸರು ಅಡ್ಡಗಟ್ಟಿ ನಿಂತು ಒತ್ತಾಯ ಮಾಡಿದ ಮೇಲೆ, ಒಡಪಿನ ಪ್ರಾಸದೊಳಗೆ ಅಡಗಿಸಿ. ವಸತಿ ಶಾಲೆಯಲ್ಲಿ ಎಲ್ಲರಿಗೂ ಅವನು “ನಮ್ಮನಿಯವರು” ಅಷ್ಟೇ. ಹಾಗಾಗಿ ಕಾಶಿ ಯಾರೆಂದು ಆ ಐವತ್ತೆಂಟು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮುಂಗಸಿಗೆ ಏನು ಹೆಸರಿಟ್ಟರೂ ಅಡುಗೆಯವಳಿಗೆ ಅದರಿಂದ ಏನಾಗಬೇಕಿತ್ತು?

ಆಗುವಂಥದ್ದು ಮುಂದಿನ ಶನಿವಾರ ಆಯಿತು. ಕರೆವ್ವನ ಮಾತುಗಳನ್ನು ಬೀದರಿನ ಕಾಲೇಜು ಹುಡುಗಿಯೊಬ್ಬಳಿಂದ ಹೇಳಿಸಿ ಯುನುಸ ತಂದಿದ್ದ. ಮಕ್ಕಳು ಕೇಳಿದರು. ಯಾರಿಗೆ ಸೇರಿತು ಎಂದರೆ ಎದ್ದ ಕೈ ಒಂಬತ್ತು.

“ಇದು ಎಮ್ಮಿ ಅಲ್ಲ, ಗುಬ್ಬಿ,” ಎಂದಿತು ಒಂದು ಹುಡುಗಿ. “ಎಮ್ಮಿ ನಮ್ಮ ಮೌಶಿಯಂಗ ಮಾತಾಡಬೇಕು.”

“ಏ ನಿನ್ನ! ನಾ ಎಮ್ಮಿಯಂಗ ಕಾಣಸ್ತೇನೇನ?” ಎಂದು ಒಳಗಿನಿಂದ ಶಾಲುಬಾಯಿ ಗದರಿಸಿದಳು.

“ಕಾಣಸಲ್ಲ ಮೌಶಿ, ಕೇಳಸ್ತಿ!”

ಯುನುಸ ಅವಳ ಕೈಗೆ ಹಾಳೆ ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿ, ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿ, ಒಂದು ತುಂಡು ರೊಟ್ಟಿ ಬಾಯಿಗೆ ಹಾಕಿ ನಿಧಾನ ಅಗಿದು, ನುಂಗಿ, ಆಮೇಲೆ ಹೇಳಿದಳು. “ನೀರು ತಾನಾಗೇ ಎದ್ದು ಹೋಗಂಗಿಲ್ಲ ತಮ್ಮಾ. ಯಾರೋ ಕಾಲು ಕೊಟ್ಟಾರ ಅದಕ್ಕ.” ಆ ನಿಧಾನದಲ್ಲಿ ಆತುರಪಡುವ ಎಲ್ಲರಿಗಿಂತ ಹೆಚ್ಚು ಗೊತ್ತಿರುವ ಒಂದು ಜೀವ ಇತ್ತು. ಈ ಸಲ ಕೈ ಎಣಿಸುವ ಅಗತ್ಯ ಬೀಳಲಿಲ್ಲ. ಆದರೂ ಯುನುಸ ಎಣಿಸಿದ. ಐವತ್ತೆಂಟು.

“ವಾಹಿನಿಯವರು ಒಪ್ಪಿದ್ರ ಹದಿಮೂರು ಕಂತಿಗೂ ನೀವೇ,” ಎಂದ. “ಮ್ಯಾಲ ಕತಿ ತಿದ್ದೋ ಕೆಲಸನೂ ಇರ್ತದ. ವರ್ಷದ ತುಂಬಾ ಬೀದರದಾಗೇ ಪಗಾರಿನ ಕೆಲಸ.”

ಅವಳ ತಲೆಯಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಮೈಲೂರಿನಲ್ಲಿ ಒಂದು ಕೋಣೆ. ಮಗಳಿಗೆ ಭಾಲ್ಕಿಯಿಂದ ವಾರಕ್ಕೊಮ್ಮೆ ಬಂದುಹೋಗುವಷ್ಟು ಹತ್ತಿರ. ಗಂಡನಿಗೆ ಫರಸಿ ಹಾಸುವ, ಒಡೆದ ಗಿಲಾವು ಸರಿಪಡಿಸುವ ಸಣ್ಣ ಕೆಲಸ ಬೀದರಿನಲ್ಲೂ ಸಿಗುತ್ತದೆ. ಅವನು ಆ ಹನ್ನೊಂದನೆಯ ಮಾಳಿಗೆಯಿಂದ ಕೆಳಗಿಳಿಯಬಹುದು. “ಆಗ್ಲಿ ಬಿಡ್ರಿ, ಮಾಡ್ತೇನಿ,” ಎಂದಳು, ಉಪ್ಪು ಹಾಕುತ್ತೇನೆ ಎನ್ನುವಷ್ಟು ಸಲೀಸಾಗಿ.

ಮೊದಲ ಕಂತಿನ ಚಿತ್ರಗಳು ಮುಗಿದಿದ್ದವು, ರೆಕಾರ್ಡಿಂಗ್ ಮಾರ್ಚಿ ಮೊದಲ ವಾರ. ಮೈಲೂರಿನ ಆ ಕೋಣೆಯ ಗೋಡೆಗಳಿಗೆಲ್ಲ ಹೊರಗಿನ ಸದ್ದು ಬರದಂತೆ ಹಳೆಯ ಕೌದಿ ನೇತುಹಾಕಿದ್ದರು. ಯುನುಸನ ತಾಯಿ ಅಜೀಜಾ ಬೇಗಂ ತಮ್ಮ ಮದುವೆಯ ಕೌದಿಯನ್ನೂ ಕೊಟ್ಟಿದ್ದರು. ಶಾಲುಬಾಯಿ ಮೈಕಿನ ಮುಂದೆ ಕೂತಳು. ಅರವತ್ತೊಂದು ಮಾತು, ಒಂದೂವರೆ ತಾಸಿನಲ್ಲಿ ಅರವತ್ತು ಮುಗಿದವು. ಮುಂಗಸಿಯನ್ನು ಕರೆಯುವ ಕಡೆಯೆಲ್ಲ ಹಾಳೆಯಲ್ಲಿ ‘ಕಾಶಿ’ ಎಂದಿದ್ದರೆ ಅವಳು “ಏ ಮುಂಗಸಿ”, “ಕೇಳಲ್ಲಿ ತಮ್ಮಾ” ಎಂದು ದಾಟಿಸಿದಳು. ಯುನುಸನಿಗೆ ಅದೂ ಚೆಂದವೇ ಕಂಡಿತು.

ಉಳಿದದ್ದು ಕೊನೆಯ ಮಾತು. ತೊಟ್ಟಿಯ ನೀರನ್ನು ಯಾರೂ ಕುಡಿದಿರಲಿಲ್ಲ. ಕಾಶಿ ಎಂಬ ಮುಂಗಸಿ ಹಾವಿನ ಆಸೆಗೆ ತೊಟ್ಟಿಯ ಬುಡದಲ್ಲಿ ಬಿಲ ತೋಡಿತ್ತು, ಅಡಿಗಲ್ಲು ಸರಿದು ಬಿರುಕು ಬಿಟ್ಟು ನೀರು ನೆಲಕ್ಕೆ ಇಂಗಿಹೋಗುತ್ತಿತ್ತು, ಹೆದರಿಕೆಗೆ ಅದು ಬಾಯಿ ಬಿಟ್ಟಿರಲಿಲ್ಲ. ಕರೆವ್ವ ಎಲ್ಲರ ನಡುವೆ ಹೇಳಬೇಕು: “ಇದನ್ನ ಮಾಡಿದವರು ಮತ್ತ್ಯಾರೂ ಅಲ್ಲ, ಕಾಶಿ!”

“ಇದನ್ನ ಮಾಡಿದವರು ಮತ್ತ್ಯಾರೂ ಅಲ್ಲ...” ಎಂದಳು ಶಾಲುಬಾಯಿ. ಅಲ್ಲಿಗೇ ಮಾತು ನಿಲ್ಲಿಸಿದಳು.

“ಮತ್ತೊಮ್ಮೆ, ಮೌಶಿ.”

“ಇದನ್ನ ಮಾಡಿದವರು ಮತ್ತ್ಯಾರೂ ಅಲ್ಲ...”

ಹದಿನಾಲ್ಕು ಸಲ ಆಯಿತು. ಯುನುಸ ನೀರು ಕೊಟ್ಟ. ಉಸಿರು ಸಾಲದೇ ಎಂದು ಕೇಳಿದ, ಅಕ್ಷರ ಕಾಣದೇ ಎಂದು ದಪ್ಪಗೆ ಬರೆದುಕೊಟ್ಟ. ಅವಳು ಮಾತ್ರ, “ಈ ಒಂದು ಮಾತ ಬ್ಯಾಡ್ರಿ, ಬ್ಯಾರೆ ಏನಾದ್ರೂ ಬರೀರಿ,” ಎಂದಳು. ಕಾರಣ ಹೇಳಲು ಹೋದರೆ ಆ ಹೆಸರನ್ನೇ ಹೇಳಬೇಕಾಗುತ್ತಿತ್ತು.

ಚಹಾ ತಂದ ಅಜೀಜಾ ಬೇಗಂ ಬಾಗಿಲಲ್ಲಿ ನಿಂತು ಕೊನೆಯ ಎರಡು ಸಲ ಕೇಳಿಸಿಕೊಂಡರು. ತಾಟು ಕೆಳಗಿಟ್ಟು, “ಶಾಲು, ನಿಮ್ಮ ಮನಿಯವರ ಹೆಸರ ಏನ ಅದ?” ಎಂದರು.

ಶಾಲುಬಾಯಿ ಚೀಲದಿಂದ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದ ರೇಶನ್ ಕಾರ್ಡು ತೆಗೆದು ಕೊಟ್ಟಳು. ಅಜೀಜಾ ಬೇಗಂ ಕನ್ನಡಕ ಏರಿಸಿ ನೋಡಿ ನಗತೊಡಗಿದರು.

“ಅರೇ ಬೇಟಾ! ಹೈದರಾಬಾದದಾಗ ಅಷ್ಟು ಓದಿ ಬಂದಿ, ಇಷ್ಟು ತಿಳೀಲಿಲ್ಲೇನು? ಕಾಶೀರಾಮ ಇಕಿ ಗಂಡ. ಗಂಡನ ಹೆಸರ ಹಿಡಿದು ಗುನ್ಹೆಗಾರ ಅನ್ನು ಅಂದ್ರ ಹ್ಯಾಂಗ ಅಂತಾಳ? ನಾ ನಿಮ್ಮಪ್ಪಗ ನಲವತ್ತು ವರ್ಷ ‘ಯುನುಸನ ಅಬ್ಬಾ’ ಅಂದೀನಿ. ನೀ ಹುಟ್ಟೂಕಿಂತ ಮೊದಲು ‘ಏನ್ರಿ, ಕೇಳ್ರಿ’ ಅಂತಿದ್ದೆ.”

ಯುನುಸ ತಲೆಯ ಮೇಲೆ ಕೈ ಇಟ್ಟುಕೊಂಡ. ಹೆಸರು ಬದಲಿಸುವಂತಿರಲಿಲ್ಲ. ಆಗಲೇ ರೆಕಾರ್ಡ್ ಆಗಿದ್ದ ಉಳಿದ ಪ್ರಾಣಿಗಳ ಮಾತಿನಲ್ಲಿ ಆ ಹೆಸರು ಇಪ್ಪತ್ತಮೂರು ಸಲ ಬರುತ್ತಿತ್ತು. ಚಿಗರಿಗೆ ದನಿ ಕೊಟ್ಟ ಬೀದರಿನ ಹುಡುಗಿ ತಂದೆ ತಾಯಿಯ ಜೊತೆ ಪುಣೆಗೆ ಹೋಗಿಯಾಗಿತ್ತು.

“ಒಡಪ ಹಾಕಿ ಹೇಳಲಿ ಬಿಡು,” ಎಂದರು ಅಜೀಜಾ ಬೇಗಂ. “ನಿಮ್ಮವರಾಗ ಒಡಪಿನಾಗ ಹೆಸರ ಹೇಳಬಹುದಲ್ಲ?”

“ಆಪಾ, ಒಡಪು ಹಾಕಿ ಹೆಸರ ಹೇಳಿದ್ರ ಮುಂಗಸಿ ಎಮ್ಮಿ ಗಂಡ ಆಗ್ತದ!”

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಕೊನೆಯ ಮಾತು ಹಾಗೆಯೇ ಉಳಿದಿತ್ತು. ಆ ಒಂದು ಪದವನ್ನು ಅಜೀಜಾ ಬೇಗಂ ಹೇಳಿ ನೋಡಿದರು. ಎಮ್ಮೆಯ ಬಾಯಲ್ಲಿ ಇನ್ನೊಂದು ಎಮ್ಮೆ ಹೊಕ್ಕಂತೆ ಕೇಳಿಸಿತು.

ಯುನುಸ ವಾಹಿನಿಯ ಮೇಡಂಗೆ ಫೋನು ಮಾಡಿ ಇದ್ದುದನ್ನು ಇದ್ದ ಹಾಗೆ ಹೇಳಿದ. ಆ ಕಡೆಯ ಉತ್ತರ ಎಲ್ಲರಿಗೂ ಕೇಳಿಸಿತು. “ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ? ನಮ್ಮ ಹತ್ರ ಒಳ್ಳೆ ಕಲಾವಿದೆ ಇದ್ದಾರೆ. ಇಡೀ ಪಾತ್ರ ಅವರೇ ಮಾಡ್ತಾರೆ. ಪತ್ತೇದಾರಿ ಕತೇಲಿ ಕೊನೆಗೆ ಹೆಸರು ಹೇಳದೆ ಇದ್ರೆ ಮಕ್ಕಳು ಒಪ್ಪಲ್ಲ. ಶನಿವಾರ ನಾನೇ ಔರಾದಿಗೆ ಬರ್ತೀನಿ. ಕೊನೆ ಮಾತು ಇದ್ರೆ ಇವರು, ಇಲ್ದಿದ್ರೆ ಅವರು.”

ಆ ಸಂಜೆ ಬೀದರ ಬಸ್ ನಿಲ್ದಾಣದಿಂದಲೇ ಶಾಲುಬಾಯಿ ಗಂಡನಿಗೆ ಫೋನು ಹಚ್ಚಿದಳು. ಗಾಳಿಯ ಸದ್ದಿನ ನಡುವೆ ಕಾಶೀರಾಮನ ದನಿ ಬಂತು. ಎಲ್ಲ ಕೇಳಿ ಅವನು ನಕ್ಕ.

“ಹೇಳು ಹೋಗು. ನೀ ಒಂದ ಸಲ ಹೆಸರ ಹಿಡಿದ್ರ ನಾ ಏನ್ ಸಾಯ್ತೇನೇನು?”

“ಈಗ ಎಲ್ಲಿ ನಿಂತೀರಿ ನೀವು?”

“ಹನ್ನೊಂದನೇ ಮಾಳಿಗಿ ಮ್ಯಾಲ. ನಿಂತು ಗೋಡಿ ಕಟ್ಟಾಕ ಬಿದಿರ ಪರಂಚಿ ಕಟ್ಲತ್ತೀವಿ.”

“ಅಲ್ಲಿ ನಿಂತು ಸಾಯೋ ಮಾತ ಆಡಬ್ಯಾಡ್ರಿ. ಖರೇ ಸುಳ್ಳು ನನಗ ಗೊತ್ತಿಲ್ಲ. ನೀವು ಬಿದಿರ ಮ್ಯಾಲ ನಿಂತಾಗ ನಾ ಅದನ್ನ ಪರೀಕ್ಷಾ ಮಾಡಂಗಿಲ್ಲ.”

“ಕೆಲಸ ಹೋದ್ರ?”

“ಹೆಸರೂ ಹೇಳಂಗಿಲ್ಲ, ಕೆಲಸನೂ ಬಿಡಂಗಿಲ್ಲ,” ಎಂದಳು. “ಎರಡು ದಿನ ಅವ. ಬಸ್ ಬಂತು, ಇಡ್ತೇನಿ.”

ಔರಾದಿಗೆ ಬರುವ ದಾರಿಯುದ್ದಕ್ಕೂ ಅವಳು ಯೋಚನೆ ಮಾಡಿದ್ದು ಒಂದೇ. ಎಮ್ಮೆಗೆ ಯಾಕೆ ಅಷ್ಟು ಮಾತು? ಬಿಲದ ಬಾಯಿಗೆ ಬಿದ್ದ ಕೆಂಪು ಮಣ್ಣು ತೋರಿಸಿಯಾಗಿದೆ. ಬರದಲ್ಲೂ ತೊಟ್ಟಿಯ ಬುಡದಲ್ಲಿ ಮಾತ್ರ ಹಸಿರಾದ ಹುಲ್ಲು ತೋರಿಸಿಯಾಗಿದೆ. ಒಣಗಿದ ಕೆಸರಿನಲ್ಲಿ ಐದು ಉಗುರಿನ ಗುರುತು, ಮುಂಗಸಿಯ ಮೂಗಿನ ತುದಿಗೆ ಮೆತ್ತಿದ ಮಣ್ಣು. ಇಷ್ಟಾದ ಮೇಲೆ ಹೆಸರು ಹೇಳುವುದು ಮಕ್ಕಳ ಬಾಯಿಗೆ ಬಂದ ತುತ್ತನ್ನು ತಾನು ತಿಂದ ಹಾಗೆ.

ಮರುದಿನ ಬೆಳಿಗ್ಗೆ ಯುನುಸನಿಗೆ ಫೋನು ಮಾಡಿದಳು. “ಸಾಬ್ರ, ಆ ಹೆಸರಿನ ಜಾಗಾ ಖಾಲಿ ಬಿಡ್ರಿ. ‘ಇದನ್ನ ಮಾಡಿದವರು ಯಾರು? ನೀವ ಹೇಳ್ರಿ’ ಅಂತ ನಾ ಅಂತೇನಿ. ಹುಡುಗರು ಹೇಳ್ತಾರ.”

“ಎಷ್ಟು ಖಾಲಿ ಬಿಡಬೇಕು?”

“ಒಂದು ತುತ್ತು ನುಂಗೂವಷ್ಟು.”

ಯುನುಸ ಆ ಕಡೆ ರೊಟ್ಟಿ ಅಗಿದು ಗಡಿಯಾರ ನೋಡಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, “ನಾಲ್ಕು ಸೆಕೆಂಡ. ನಾಲ್ಕು ಸೆಕೆಂಡಿಗಿ ನೂರು ಚಿತ್ರ, ಮೌಶಿ. ನೂರು ಚಿತ್ರದಾಗ ಎಮ್ಮಿ ಏನ ಮಾಡಬೇಕು? ಸುಮ್ಮ ನಿಂತ್ರ ಟಿವಿ ಕೆಟ್ಟದ ಅಂತಾರ.”

“ಮೆಲಕ ಹಾಕ್ಲಿ. ಹುಡುಗರ ಕಡಿ ನೋಡ್ಲಿ.”

“ಯಾರೂ ಹೇಳದಿದ್ರ?”

“ಹೇಳದಿದ್ರ ನಿಮ್ಮ ಕತಿ ಮೋಸ. ನಿಮ್ಮ ರೂಲೇ ಅದ ಅಲ್ರಿ.”

ಯುನುಸ ಶುಕ್ರವಾರದವರೆಗೆ ಕೂತು ನೂರು ಚಿತ್ರ ಬರೆದ. ಕರೆವ್ವನ ಹೊಸ ಮಾತುಗಳನ್ನು ಶಾಲುಬಾಯಿ ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದಳು.

ಶನಿವಾರ ಮಧ್ಯಾಹ್ನ ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಚಾದರ ಹೊಡೆದರು. ವಾಹಿನಿಯ ಮೇಡಂ ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ, ತೊಡೆಯ ಮೇಲೆ ಹಾಳೆ. ಶಾಲುಬಾಯಿ ಅಡುಗೆಮನೆಯ ಕಿಟಕಿಯಲ್ಲಿ ಮೊಣಕೈ ಊರಿ ನಿಂತಳು. ಹಿಂದೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅದರ ಸದ್ದಿನ ಮೇಲೆಯೂ ಒಂದು ಕಿವಿ.

ಚಾದರದ ಮೇಲೆ ಕೋಟೆ ಬಂತು, ಕಂದಕ ಬಂತು, ಕರೆವ್ವ ಬಂದಳು. ತಿದ್ದಿದ ಈ ಕತೆಯ ಕೊನೆಯನ್ನು ಮಕ್ಕಳು ಇನ್ನೂ ಕೇಳಿರಲಿಲ್ಲ. ಮೊದಲ ಸುಳಿವಿಗೆ ಯುನುಸ ನಿಲ್ಲಿಸಿ ಕೈ ಎತ್ತಿಸಿದ. ಹೆಚ್ಚಿನವರು ನರಿಯ ಮೇಲೆ. ಎರಡನೆಯ ಸುಳಿವಿಗೆ ನರಿ, ನವಿಲು ಸಮಸಮ. ಮುಂಗಸಿಗೆ ಹನ್ನೊಂದು. ಮೇಡಂ ಬರೆದುಕೊಂಡರು. ಅದರ ಮುಂದೆ ನಿಲ್ಲಿಸಲಿಲ್ಲ. ಕೆಸರಿನ ಉಗುರು ಬಂತು, ಮೂಗಿನ ಮಣ್ಣು ಬಂತು. ಕಂದಕದ ಪ್ರಾಣಿಗಳೆಲ್ಲ ಸುತ್ತ ನೆರೆದವು. ಕರೆವ್ವ ತಲೆ ಎತ್ತಿ ಚಾದರದಿಂದ ನೇರ ಮಕ್ಕಳ ಕಡೆ ತಿರುಗಿದಳು.

“ಇದನ್ನ ಮಾಡಿದವರು ಯಾರು? ನೀವ ಹೇಳ್ರಿ.”

ಎಮ್ಮೆ ಮೆಲುಕು ಹಾಕತೊಡಗಿತು. ಮೊದಲ ಸೆಕೆಂಡಿನಲ್ಲಿ ಯಾರೂ ಮಾತಾಡಲಿಲ್ಲ. ತಮ್ಮನ್ನೇ ಕೇಳಿದ್ದೆಂದು ಮಕ್ಕಳಿಗೆ ನಂಬಿಕೆಯಾಗಿರಲಿಲ್ಲ. ಶಾಲುಬಾಯಿಯ ಬೆರಳು ಕಿಟಕಿಯ ಕಟ್ಟೆಯನ್ನು ಒತ್ತಿ ಹಿಡಿದಿತ್ತು. ಎರಡನೆಯ ಸೆಕೆಂಡಿಗೆ ಮೂಲೆಯಿಂದ ಒಂದು ದನಿ, “ನರಿ!” ಮೂರನೆಯದಕ್ಕೆ ಮುಂದಿನ ಸಾಲಿನ ಹುಡುಗಿ ಎದ್ದೇ ನಿಂತಿತು. “ಏ ಮಬ್ಬ, ನರಿ ಮೂಗಿಗಿ ಮಣ್ಣೆಲ್ಲಿ ಅದ? ಕಾಶಿ!” ಅಷ್ಟೇ ಸಾಕಾಯಿತು. “ಕಾಶಿ! ಕಾಶಿ!” ಎಂದು ಇಡೀ ಪಡಸಾಲೆ ಕೂಗಿತು. ಚಾದರದ ಮೇಲೆ ಮುಂಗಸಿ ತಲೆ ತಗ್ಗಿಸಿತು. ನಾಲ್ಕು ಸೆಕೆಂಡು ಮುಗಿದಿತ್ತು.

“ಬರೋಬ್ಬರಿ ಹೇಳಿದ್ರಿ,” ಎಂದಳು ಕರೆವ್ವ. “ಹೆದರಬ್ಯಾಡ ತಮ್ಮಾ. ಬಾ, ಎಲ್ಲರೂ ಕೂಡಿ ಕಲ್ಲು ಸರಸೋಣ.”

ಆಮೇಲೆ ಎಣಿಸಿದಾಗ ಕಾಶಿಗೆ ಐವತ್ತೊಂದು, ನರಿಗೆ ಆರು. ಒಬ್ಬ ನಿದ್ದೆ ಹೋಗಿದ್ದ. ನರಿ ಎಂದ ಆರು ಜನರನ್ನು ಉಳಿದವರು ಸುತ್ತುಗಟ್ಟಿ, ಉಗುರು ಎಷ್ಟು, ಹುಲ್ಲು ಯಾಕೆ ಹಸಿರು ಎಂದು ವಾದಕ್ಕಿಳಿದಿದ್ದರು. ಮೇಡಂ ಆ ಗದ್ದಲವನ್ನು ಸ್ವಲ್ಪ ಹೊತ್ತು ನೋಡಿ ಅಡುಗೆಮನೆಗೆ ಬಂದರು.

“ಇಲ್ಲಿ ಐವತ್ತೆಂಟು ಮಕ್ಕಳು ಒಟ್ಟಿಗೆ ಇದ್ದಾರೆ, ಕೂಗಿದ್ರು. ಮನೇಲಿ ಒಂದೇ ಮಗು ಟಿವಿ ಮುಂದೆ ಕೂತಿದ್ರೆ? ಅದು ಯಾರಿಗೆ ಅಂತ ಕೂಗುತ್ತೆ?”

“ಒಂದೇ ಇದ್ರ ಇನ್ನೂ ಜೋರ ಕೂಗ್ತದ್ರಿ, ಮೇಡಂ,” ಎಂದಳು ಶಾಲುಬಾಯಿ. “ಈ ಹುಡುಗರ ತಮ್ಮ ತಂಗಿ ಹೈದರಾಬಾದದಾಗ ಕಟ್ಟಡದ ಕೆಳಗ ಒಬ್ಬೊಬ್ಬರೇ ಕೂತಿರ್ತಾವ. ವಾಚಮನ್ ಮನ್ಯಾಗಿನ ಟಿವಿ ನೋಡ್ತಾವ. ಅವಕ್ಕ ದಿನಾ ಎಲ್ಲರೂ ‘ಅಲ್ಲಿ ಹೋಗಬ್ಯಾಡ, ಇದು ಮುಟ್ಟಬ್ಯಾಡ’ ಅಂತ ಹೇಳೋರೇ. ‘ನೀ ಹೇಳು’ ಅನ್ನೋರು ಯಾರದಾರ?”

ಮೇಡಂ ಹಾಳೆಯಲ್ಲಿ ಒಂದು ಗುರುತು ಹಾಕಿಕೊಂಡರು. “ಈ ಕಂತಿಗೆ ಸರಿ. ಮುಂದಿನ ಹನ್ನೆರಡರಲ್ಲಿ ಬೇರೆ ಬೇರೆ ಹೆಸರು ಬರುತ್ತೆ. ಅವನ್ನು ಹೇಳ್ಬಹುದಲ್ವಾ ನೀವು?”

“ನಾ ಹೇಳಬಹುದು. ಕರೆವ್ವ ಹೇಳಂಗಿಲ್ಲ.” ಶಾಲುಬಾಯಿ ಅನ್ನದ ಅಗುಳು ಹಿಚುಕಿ ನೋಡಿ ಬೆಂಕಿ ಹಿಂದಕ್ಕೆ ಎಳೆದಳು. “ಒಮ್ಮಿ ಹುಡುಗರ ಕೈಯಾಗ ಕೊಟ್ಟದ್ದು ಮತ್ತ ಕಸಗೊಂಡ್ರ ಅವು ನಂಬ್ತಾವೇನ್ರಿ?”

“ಅಂದ್ರೆ ಹದಿಮೂರರಲ್ಲೂ ನಾಲ್ಕು ಸೆಕೆಂಡು ಖಾಲಿ.”

“ಖಾಲಿ ಅಲ್ರಿ. ಹುಡುಗರದು.”

ಮೇಡಂ ಯುನುಸನ ಕಡೆ ತಿರುಗಿದರು. “ಆ ಕಲಾವಿದೆಗೆ ಬೇಡ ಅಂತ ನಾನೇ ಹೇಳ್ತೀನಿ. ಸೋಮವಾರ ಕರಾರು ಕಳಿಸ್ತೀನಿ, ಕರೆವ್ವನ ಹೆಸರಿನ ಮುಂದೆ ಇವರ ಹೆಸರು ಬರೀರಿ. ಮತ್ತೆ ಆ ಮೆಲುಕು ಹಾಕೋದು ಇದೆಯಲ್ಲ, ಎರಡನೇ ಸೆಕೆಂಡಲ್ಲಿ ಕಿವಿ ಒಂದ್ಸಲ ಅಲ್ಲಾಡಿಸ್ಲಿ. ಕೇಳಿಸ್ಕೋತಾ ಇದೆ ಅಂತ ಮಕ್ಕಳಿಗೆ ಗೊತ್ತಾಗ್ಲಿ.”

“ಎಡಗಿವಿ,” ಎಂದಳು ಶಾಲುಬಾಯಿ. “ಎಮ್ಮಿ ಮಂದಿ ಇದ್ದ ಕಡಿ ಕಿವಿನೇ ಅಲ್ಲಾಡಸ್ತದ. ಚಿತ್ರದಾಗ ಕರೆವ್ವನ ಮೈ ಅಡ್ಡ ಅದ, ಹುಡುಗರು ಅಕಿ ಎಡಕ್ಕ ಬರ್ತಾರ.”

ಯುನುಸ ಅದನ್ನೂ ಬರೆದುಕೊಂಡ.

ಮಕ್ಕಳಿಗೆ ಬಡಿಸುವ ಮೊದಲು ಅವಳು ಹಿತ್ತಲಿಗೆ ಹೋಗಿ ಫೋನು ಹಚ್ಚಿದಳು.

“ಎಲ್ಲಿ ನಿಂತೀರಿ?”

“ಊಟಕ್ಕ ಇಳದೀನಿ. ಏನಾತು?”

“ಮತ್ತ ಹತ್ತಬ್ಯಾಡ್ರಿ. ಈ ವಾರದ ಪಗಾರ ತಗೊಂಡು ಬೀದರಕ್ಕ ಬರ್ರಿ. ಆಪಾ ಮೈಲೂರದಾಗ ಒಂದು ಕೋಣಿ ತೋರಿಸ್ಯಾರ. ಗಿಲಾವು ಉದುರ್ಯಾದ, ನೀವೇ ಸರಿ ಮಾಡಬೇಕು.”

ಕಾಶೀರಾಮನ ದನಿಯಲ್ಲಿ ನಗು ಬಂತು. “ಅಂದ್ರ ಹೆಸರ ಹೇಳಿದಿ ಅನ್ನು!”

“ನಾ ಯಾಕ ಹೇಳ್ಲಿ? ಐವತ್ತೊಂದು ಮಂದಿ ಹೇಳ್ಯಾರ.”

ಒಳಗಿನಿಂದ ಮಕ್ಕಳು ತಾಟು ಬಡಿಯತೊಡಗಿದ್ದರು. ಶಾಲುಬಾಯಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.